ಎಂತ ಇಲ್ಲದ ಪೆಟ್ಟಿಗೆ

ಬೈಕಂಪಾಡಿ
೧೧ ಆಗಸ್ಟ್ ೨೦೨೪

ಮಗಳು ಅಕ್ಷಿತಾಳಿಗೆ ಪಪ್ಪನ ಆಶೀರ್ವಾದ.

ಕಾಗದ ತಡವಾಯಿತು, ಬೈಯಬೇಡ. ಕಾಟಿಪಳ್ಳಕ್ಕೆ ಇಲ್ಲಿಂದ ಅರ್ಧ ಗಂಟೆಯ ದಾರಿ, ಅದಕ್ಕೂ ಕಾಗದವೇ ಎಂದು ನಗಬಹುದು. ಫೋನಿನಲ್ಲಿ ಏನು ಕೇಳಿದರೂ ನೀನು "ಎಂತ ಇಲ್ಲ ಪಪ್ಪ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲಿಕ್ಕೆ ಆಗುವುದಿಲ್ಲ.

ಮದುವೆಯಾಗಿ ಹೋಗುವಾಗ ನೀನು ಬಿಟ್ಟುಹೋದ ಹುಳುಗಳ ಪೆಟ್ಟಿಗೆ ಇನ್ನೂ ನನ್ನ ತಲೆಮೇಲೆಯೇ ಉಂಟು. ಹಳೆ ಯಂತ್ರ ಮಾರುವವನು ಈ ಪ್ರಾಯದಲ್ಲಿ ದಿನಾ ಪೇರಳೆ ಸೊಪ್ಪು ಕೊಯ್ಯುತ್ತೇನೆ. ಮೊನ್ನೆ ನಿನ್ನಮ್ಮ ಅದನ್ನು ತೆಂಗಿನ ಬುಡಕ್ಕೆ ಸುರಿಯಲು ಹೊರಟಿದ್ದಳು.

"ಖಾಲಿ ಪೆಟ್ಟಿಗೆಗೆ ಎಂತ ಪೂಜೆ ಮಾರಾಯ್ರೆ? ಸೊಪ್ಪು ಬಿಟ್ಟರೆ ಇದರಲ್ಲಿ ಎಂತ ಇಲ್ಲ!"

ಅಷ್ಟರಲ್ಲಿ ಒಂದು ಎಲೆ ನಡೆದು ಅವಳ ಬಳೆ ಹತ್ತಿತು. ಕೂಗಿಗೆ ಪಕ್ಕದ ಮನೆಯ ಆಂಬ್ರೋಸ್ ಓಡಿ ಬಂದ. "ಕಳ್ಳನಾ ಜಯಣ್ಣ?" "ಅಲ್ಲ ಮಾರಾಯ, ಎಲೆ," ಎಂದೆ. ನನ್ನನ್ನೇ ನೋಡುತ್ತ ಹಿಂದೆ ಹೋದ.

ನಿನ್ನ ಕಡ್ಡಿಹುಳು, ಎಲೆಹುಳು ಎರಡೂ ಜಾತಿಯ ಕಸುಬು ಒಂದೇ, ಕಾಣದ ಹಾಗೆ ಇರುವುದು. ಕಡ್ಡಿಹುಳು ಸೆಟೆದು ಸುಮ್ಮನಿರುತ್ತದೆ. ಎಲೆಹುಳು ಇನ್ನೂ ಜಾಣ; ಗಾಳಿ ಬಂದರೆ ಎಲೆಯ ಹಾಗೆಯೇ ತೂಗುತ್ತದೆ, ಅಂಚಿನಲ್ಲಿ ಒಣಗಿದ ಕಂದು ಬಣ್ಣ ಕೂಡ ಉಂಟು. ಹಳೆ ಯಂತ್ರಕ್ಕೆ ಬಳಿದ ಹೊಸ ಪೈಂಟಿನ ಕೆಳಗಿನ ಬಿರುಕು ಹುಡುಕಿ ಅನ್ನ ತಿಂದ ನನ್ನ ಕಣ್ಣೂ ಮೋಸ ಹೋಗುತ್ತದೆ.

ನಿನ್ನೆ ಎರಡಕ್ಕೂ ಪೆಟ್ಟಾಯಿತು. ಹಲ್ಲಿ ನುಗ್ಗಿ ಕಡ್ಡಿಹುಳುವಿನ ಕಾಲು ಹಿಡಿಯಿತು. ಅದು ಕಾಲನ್ನು ಹಲ್ಲಿಯ ಬಾಯಲ್ಲೇ ಬಿಟ್ಟು ಮೇಲೆ ಹತ್ತಿತು. ಸಣ್ಣ ಪ್ರಾಯದ್ದು, ಪೊರೆ ಬಿಡುವಾಗ ಕಾಲು ಪುನಃ ಬರುತ್ತದೆ ಎಂದು ನೀನೇ ಹೇಳಿದ್ದೆ. ಎಲೆಹುಳುವಿಗೆ ಹಲ್ಲಿಯೂ ಬೇಕಾಗಲಿಲ್ಲ. ಒಟ್ಟಿಗಿದ್ದ ಇನ್ನೊಂದು ಎಲೆಹುಳುವೇ ಎಲೆಯೆಂದು ಅದರ ಅಂಚು ಕಚ್ಚಿ ತಿಂದಿತು. ಅದು ಅಲುಗಲಿಲ್ಲ ಮಗಾ, ಎಲೆಯಾಗಿಯೇ ಉಳಿಯಿತು.

ನನಗೂ ಸಾಕಾಗಿದೆ. ಪೈಂಟ್ ನೋಡಿ ನೋಡಿ ಕಣ್ಣು ಸೋತಿದೆ.

ಈ ಕಾಗದ ಪತ್ರೊಡೆ ಡಬ್ಬಿಯ ಅಡಿಯಲ್ಲಿ ಉಂಟು. ಆ ಮನೆಯಲ್ಲಿ ಪತ್ರೊಡೆ ತಿನ್ನುವವಳು ನೀನೊಬ್ಬಳೇ. ಓದುವವಳೂ ನೀನೊಬ್ಬಳೇ ಆಗಲಿ. ದೈವ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಪಪ್ಪ,
ಜಯ

ವಿ.ಸೂ.: ಕೊಟ್ಟಾರದ ನೆಂಟರ ಮನೆಯ ಸೀಮಂತದಲ್ಲಿ ನೀನು ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿದೆ. ಕೇಳಿದ್ದಕ್ಕೆ ಬಲಗೈ ಬಾಗಿಲಿಗೆ ಸಿಕ್ಕಿತು ಎಂದು ನೀನು ಹೇಳಿದೆ. ತೋಳಿನ ಪೌಡರ್ ಬೆವರಿಗೆ ಕರಗಿ ಅಡಿಯ ನೀಲಿ ಗುರುತು ಕಾಣುತ್ತಿತ್ತು. ಬಾಗಿಲಿಗೆ ಬೆರಳುಂಟಾ ಮಗಾ? ನಿನ್ನ ಗಂಡ ಶೋಭಿತ್ ಪಕ್ಕದಲ್ಲೇ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಂಡ. ಡಬ್ಬಿಯನ್ನು ಖಾಲಿ ಹಿಂದೆ ಕೊಡಬಾರದು ಎಂದು ನಿನ್ನಮ್ಮ ಕಲಿಸಿದ್ದಾಳೆ. ಈ ಸಲ ಖಾಲಿಯೇ ಇರಲಿ. ನೀನೇ ತೆಗೆದುಕೊಂಡು ಬಾ.