ಹಳೆ ಮಾದರಿಯ ಪಿಸ್ತೂಲು ಸದ್ಯ ನಿಮ್ಮಲ್ಲೇ ಇರಲಿ

ಭಾಲ್ಕಿ, ಸೋಮವಾರ

ಬೀದರಿನ ಬಂದೂಕಿನ ಅಂಗಡಿಯ ಖದೀರ ಸಾಹೇಬರಿಗೆ ಮಾಣಿಕನ ನಮಸ್ಕಾರ.

ಮೊನ್ನೆ ನೀವು ತೋರಿಸಿದ ಎರಡರಲ್ಲಿ ಹಳೆ ಮಾದರಿಯ ಉಕ್ಕಿನ ಪಿಸ್ತೂಲನ್ನೇ ಆರಿಸಿದ್ದೇನೆ. ಹೊಸದು ಹಗುರ, ಆದರೆ ಮೂವತ್ತು ಸಾವಿರ ಹೆಚ್ಚು. "ಜೀವಕ್ಕ ಕುತ್ತು ಬಂದಾಗೂ ಚೌಕಾಸಿ ಮಾಡ್ತೀರಲ್ರಿ ಮಾಣಿಕರಾವ!" ಎಂದು ನಕ್ಕಿರಿ. ಪಂಪ್‌ಸೆಟ್ ಮಾರಿ ಮೇಲೆ ಬಂದವನು ನಾನು. ಸುಲಭವಾಗಿ ರಿಪೇರಿಯಾಗುವ ಸಾಮಾನೇ ಬಾಳಿಕೆ ಬರುತ್ತದೆಂದು ಬಲ್ಲೆ.

ಆದರೆ ಈಗ ಚುನಾವಣೆ ಘೋಷಣೆಯಾಗಿದೆ. ಲೈಸೆನ್ಸ್ ಇದ್ದವರೆಲ್ಲ ಆಯುಧವನ್ನು ಠಾಣೆಗೆ ಒಪ್ಪಿಸಬೇಕಂತೆ. ನನ್ನ ತಮ್ಮ ನಾಗಸೇನನನ್ನು ಔರಾದ ರಸ್ತೆಯಲ್ಲಿ ಗುಂಡಿಕ್ಕಿ ಕೊಂದವರು ಜಾಮೀನಿನ ಮೇಲೆ ಹೊರಗಿದ್ದಾರೆ. ಅವರ ಬಳಿ ಲೈಸೆನ್ಸೇ ಇಲ್ಲ, ಹಾಗಾಗಿ ಒಪ್ಪಿಸುವ ತಾಪತ್ರಯವೂ ಇಲ್ಲ. ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬನೇ. ಮತದಾನಕ್ಕೂ ಮೊದಲೇ, ಹದಿನೆಂಟನೇ ತಾರೀಖು, ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಹೇಳುತ್ತೇನೆ.

ಪಿಸ್ತೂಲು ನಿಮ್ಮಲ್ಲೇ ಇರಲಿ. ಮತ ಎಣಿಕೆ ಮುಗಿದ ಮೇಲೆ ಒಯ್ಯಲು ಬರುತ್ತೇನೆ. ನನ್ನ ಬದಲು ಮಗ ಕೈಲಾಶ ಬಂದರೆ, ನಾನು ಕೊಟ್ಟ ಮುಂಗಡವನ್ನು ಅವನ ತಾಯಿ ಅನುಸೂಯಾಬಾಯಿಗೆ ತಲುಪಿಸಿ. ಅವನು ಪಿಸ್ತೂಲನ್ನೂ ಕೇಳುತ್ತಾನೆ. ಎಂದೋ ಮಾರಿಹೋಯಿತು ಅನ್ನಿ.

ನಿಮ್ಮ ಗಿರಾಕಿ,
ಮಾಣಿಕ