ಸದ್ದಿಲ್ಲದ ಮಿಕ್ಸಿ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ನಿನ್ನ ತಂಗಿ ಬದುಕಿದ್ದಾಳೆ, ಚೆನ್ನಾಗಿಯೇ ಇದ್ದಾಳೆ, ಮೊದಲು ಇದನ್ನು ನಂಬು. ನೀನು ಮೇಲಿಂದ ಮೇಲೆ ಬರೆದರೂ ನನ್ನಿಂದ ಒಂದು ಸಾಲು ಬರಲಿಲ್ಲ. ಬೈಯುವುದಿದ್ದರೆ ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ನನ್ನ ಮಾತನ್ನೆಲ್ಲ ತಿದ್ದುತ್ತಾರೆ. "ಅವಳು ಮನೆತನದ ಕಸುಬನ್ನೇ ಮುಳುಗಿಸಿದಳು" ಎಂದು ನಿನ್ನ ಕಿವಿಗೆ ಹಾಕಿದ್ದು ಅವರೇ ತಾನೆ? ಮುಳುಗಿದ್ದು ನಿಜ. ತೇಲಿದ್ದು ಹೇಗೆ ಅಂತ ಈಗ ಕೇಳು.

ನಮ್ಮದು ಎಂಥ ಗದ್ದಲದ ಮನೆ ಅಂತ ನಿನಗೆ ಹೇಳಬೇಕಾಗಿಲ್ಲ. ಮುಂದಿನ ಕೋಣೆಯಲ್ಲಿ ಅಪ್ಪನ ರಿಪೇರಿ ಅಂಗಡಿ, ಹಿಂದೆ ನಾವು. ಕೆಟ್ಟುಹೋದ ಮಿಕ್ಸಿಗಳೆಲ್ಲ ನಮ್ಮಲ್ಲಿಗೆ ಬಂದು ಅರಚುತ್ತಿದ್ದವು. ಅಪ್ಪ ಕಣ್ಣು ಮುಚ್ಚಿ ಕೇಳಿ, "ಇದಕ್ಕೆ ಗಂಟಲು ಕಟ್ಟಿದೆ", "ಇದು ಹಲ್ಲು ಕಡೀತಿದೆ" ಅಂತ ವೈದ್ಯರ ಹಾಗೆ ರೋಗ ಹೇಳುತ್ತಿದ್ದರು. ನಾವಿಬ್ಬರೂ ಪಾಠವನ್ನು ಕಿರುಚಿಯೇ ಓದಿ ಪಾಸಾದವರು. ಮದುವೆಯಾದ ಹೊಸತರಲ್ಲಿ ನೀನು "ಊಟಕ್ಕೆ ಬನ್ನಿ" ಎಂದು ಕರೆದದ್ದಕ್ಕೆ ನಿನ್ನ ಮಾವ, ಮನೆಗೆ ಬೆಂಕಿ ಬಿತ್ತೆಂದು ಬೀದಿಗೆ ಓಡಿದರಂತಲ್ಲ!

ಹಾಗಾಗಿ, ಬೇರೆಯವರ ಮಿಕ್ಸಿ ರಿಪೇರಿ ಮಾಡಿದ್ದು ಸಾಕು, ನಮ್ಮದೇ ಮಿಕ್ಸಿ ಮಾಡೋಣ ಎಂದು ನಾನು ಹೊರಟಾಗ ನನಗೆ ಇದ್ದದ್ದು ಒಂದೇ ಹಟ. ಅದು ಸದ್ದು ಮಾಡಕೂಡದು.

ಅಪ್ಪ ಒಪ್ಪಲಿಲ್ಲ. "ಮೋಟರ್ ತಿರುಗಿದ್ರೆ ಸದ್ದು ಬರ್ಲೇಬೇಕು ಕಣೇ ಸ್ಕ್ರೂ. ಅದರ ಹಣೆಬರಹವೇ ಅದು" ಎಂದರು. (ಮಿಕ್ಸಿ ಜೋಡಿಸಲು ಬರುವ ಹೆಂಗಸರ ಎದುರಿಗೂ ಅಪ್ಪನಿಗೆ ನಾನು ಅದೇ ಸ್ಕ್ರೂ, ಅಕ್ಕಾ. ಈಗ ಅವರೂ ನನ್ನನ್ನು "ಸ್ಕ್ರೂ ಮೇಡಂ" ಅನ್ನುತ್ತಾರೆ.) ಹೊಸ ಮೋಟರು ಕೂರಿಸಿದಾಗಲೆಲ್ಲ ಬಂದು ಕಿವಿಯಿಟ್ಟು, "ಇದೆ ನೋಡು, ಸದ್ದು ಇದೆ!" ಎಂದು ಮಗು ಮಾತಾಡಿದಷ್ಟು ಸಂತೋಷಪಡುತ್ತಿದ್ದರು. ಕೊನೆಗೆ ಒಂದು ದಿನ ಕಿವಿಯಿಟ್ಟವರು ತೆಗೆಯಲೇ ಇಲ್ಲ. ಬಲಗಿವಿ ಇಟ್ಟರು, ಎಡಗಿವಿ ಇಟ್ಟರು, ಪ್ಲಗ್ಗು ನೋಡಿದರು. ಜಾರಿನ ಮುಚ್ಚಳ ತೆಗೆದು ಇಣುಕಿದರೆ ಟೊಮೆಟೊ ಹಣ್ಣೆಲ್ಲ ಅವರ ಬಿಳಿ ಅಂಗಿಯ ಮೇಲೆ. ಓಡುತ್ತಿದೆ ಎಂಬುದಕ್ಕೆ ಅದಕ್ಕಿಂತ ಪುರಾವೆ ಬೇಕೆ?

ದೊಡ್ಡ ಬೀದಿಯಲ್ಲಿ ಒಬ್ಬರು ಮೀಸೆಯ ಅಂಗಡಿಯವರಿದ್ದಾರೆ, ಗೃಹಬಳಕೆಯ ಸಾಮಾನು ಮಾರುವವರು. ಅವರಲ್ಲಿಗೆ ತೆಗೆದುಕೊಂಡು ಹೋಗಿ ಎಲ್ಲರೆದುರು ಗುಂಡಿ ತಿರುಗಿಸಿದೆ. ಅವರು ತಲೆಯೆತ್ತಿ ಫ್ಯಾನು ನೋಡಿ, "ಕರೆಂಟ್ ಇದ್ಯಲ್ಲ?" ಎಂದರು. ಓಡುತ್ತಿದೆ ಎಂದೆ. ಮುಟ್ಟಿ ನೋಡಿದರು, ಮೀಸೆ ನಡುಗಿತು, ನಂಬಿದರು. ಮಾಡಿಟ್ಟಿದ್ದೆಲ್ಲ ಬಿಸಿಬಿಸಿಯಾಗಿ ಖರ್ಚಾಯಿತು. ನಾನು ನೆಲದ ಮೇಲೆ ಕಾಲಿಡಲಿಲ್ಲ ಅನ್ನು.

ಆಮೇಲೆ ಒಂದೊಂದಾಗಿ ವಾಪಸು ಬರತೊಡಗಿದವು, ತವರಿಗೆ ಬರುವ ಹೆಣ್ಣುಮಕ್ಕಳ ಹಾಗೆ. ಕೇಳಿದರೆ ಎಲ್ಲರದ್ದೂ ಒಂದೇ ಮಾತು, "ಯಾಕೋ ಸರಿಹೋಗ್ಲಿಲ್ಲ." ಬಿಚ್ಚಿ ನೋಡಿದರೆ ಒಂದರಲ್ಲೂ ದೋಷವಿಲ್ಲ. ನಿವೃತ್ತರಾದ ಹಿರಿಯರೊಬ್ಬರು ಮಾತ್ರ ನನ್ನನ್ನು ಬಾಗಿಲ ಮರೆಗೆ ಕರೆದು ಪಿಸುಗುಟ್ಟಿದರು. "ಮೊದ್ಲು ನಮ್ಮನೆಯವಳು ಮಿಕ್ಸಿ ಹಾಕಿದಾಗ ನಾನು ತಮ್ಮನ ಹತ್ರ ಫೋನಲ್ಲಿ ನೆಮ್ಮದಿಯಾಗಿ ಅವಳ ಬಗ್ಗೆ ಮಾತಾಡ್ತಿದ್ದೆ. ಈಗ ಎಲ್ಲಾ ಕೇಳಿಸ್ಕೋತಾಳೆ ತಾಯಿ!"

ನಿಜವಾದ ಕಾರಣ ಗೊತ್ತಾದದ್ದು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಸೊಸೆಯಿಂದ. ಮಿಕ್ಸಿಯನ್ನು ಮೇಜಿನ ಮೇಲಿಟ್ಟು, ಅದರ ತಲೆ ಸವರಿ, ಕಣ್ಣಲ್ಲಿ ನೀರು ತುಂಬಿಕೊಂಡಳು.

"ಮೇಡಂ, ಇದರಲ್ಲಿ ಒಂದೂ ತಪ್ಪಿಲ್ಲ. ಆದ್ರೆ ಹಳೇ ಮಿಕ್ಸಿ ಕೂಗಿದ್ರೆ, ಪಾಪ ಒಳಗೆ ದುಡೀತಿದ್ದಾಳೆ ಅಂತ ಮನೆಯವರಿಗೆಲ್ಲ ಗೊತ್ತಾಗ್ತಿತ್ತು. ನಮ್ಮನೆಯವರು ಒಂದ್ಸಲ ಇಣುಕಿ, ಏನಾದ್ರೂ ಮಾಡ್ಲಾ ಅಂತ ಕೇಳ್ತಿದ್ರು. ಈಗ ಬೆಳಗ್ಗೆಯಿಂದ ಬೆವರು ಸುರಿಸಿದ್ರೂ ನಮ್ಮತ್ತೆ, 'ನಿನ್ನ ಅಡುಗೆಮನೇಲಿ ಸದ್ದೇ ಇಲ್ವಲ್ಲಮ್ಮ, ಮಲಗಿದ್ಯಾ?' ಅಂತಾರೆ."

ನೋಡಿದೆಯಾ ಅಕ್ಕಾ? ಮೋಟರನ್ನು ಅರೆದು ಕುಡಿದ ನನಗೆ ಮನೆ ಅನ್ನುವುದು ಹೇಗೆ ಓಡುತ್ತದೆಂದು ಗೊತ್ತಿರಲಿಲ್ಲ.

ಮೀಸೆಯವರು ಇನ್ನು ನಿಮ್ಮ ಮಾಲು ಬೇಡ ಎಂದು ಹೇಳಿ ಕಳಿಸಿದರು. ವಾಪಸು ಬಂದ ಮಿಕ್ಸಿಗಳು ಮಂಚದ ಕೆಳಗೆ, ಕಪಾಟಿನ ಮೇಲೆ, ಎಲ್ಲಿ ನೋಡಿದರಲ್ಲಿ. ಅಪ್ಪ ಸುಮ್ಮನೆ ಕನ್ನಡಕ ಒರೆಸುತ್ತ ಯಾವುದೋ ರಾಗ ಗುನುಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ರಾಗ ಮಾತ್ರ ಸಹಿಸಲಾಗಲಿಲ್ಲ. ಕೆಲಸದ ಹೆಂಗಸರನ್ನೆಲ್ಲ ಮನೆಗೆ ಕಳಿಸಿಬಿಡಬೇಕಾದೀತು ಎನ್ನುವ ದಿನ ಬಂತು. ಆ ಬೆಳಗ್ಗೆ ರೇಗಿಹೋಗಿ, "ಹಾಗಾದ್ರೆ ಸದ್ದು ನೀವೇ ಹಾಕಿಕೊಡಿ!" ಅಂದುಬಿಟ್ಟೆ. ಅಂದ ಮೇಲೆಯೇ ನನಗೆ ಹೊಳೆದದ್ದು. ಯಾಕೆ ಹಾಕಬಾರದು? ಬೇಕೆಂದಾಗ ಮೌನ, ಬೇಕೆಂದಾಗ ಸದ್ದು. ಒಂದು ಗುಂಡಿ ಹೆಚ್ಚಾದರೆ ಆಯಿತು.

ಜೀವಮಾನವಿಡೀ ಮಿಕ್ಸಿಗಳ ಬಾಯಿ ಮುಚ್ಚಿಸಿದ ಮನುಷ್ಯನಿಗೆ ಸದ್ದು ಮಾಡಿಸುವ ಕೆಲಸ ಸಿಕ್ಕಿತು! ಅಪ್ಪ ಹತ್ತು ವರ್ಷ ಚಿಕ್ಕವರಾದರು. ಒಳಗೆ ತಗಡಿನ ನಾಲಿಗೆ ಕೂರಿಸಿ, ಬಗ್ಗಿಸಿ, ಉಜ್ಜಿ, ಕಣ್ಣು ಮುಚ್ಚಿ ಕೇಳಿ, ಕಿತ್ತೆಸೆದರು. "ಛೇ, ಇದು ಕೆಟ್ಟ ಮಿಕ್ಸಿ ಸದ್ದು. ನಮಗೆ ಬೇಕಾಗಿರೋದು ದುಡಿಯೋ ಮಿಕ್ಸಿ ಸದ್ದು." ಇನ್ನೊಂದಕ್ಕೆ, "ಇದರಲ್ಲಿ ಸಿಟ್ಟಿದೆ. ಇದನ್ನ ಹಾಕಿದ್ರೆ ಅತ್ತೆ-ಸೊಸೆಗೆ ಜಗಳ ಆಗುತ್ತೆ." ಕೊನೆಗೆ ಬಂತು ನೋಡು ಒಂದು ಸದ್ದು, ಗಂಭೀರವಾಗಿ, ಸ್ವಲ್ಪ ದಣಿದ ಹಾಗೆ. ಕೆಲಸದ ಹೆಂಗಸರೆಲ್ಲ ಒಟ್ಟಿಗೆ "ಇದೇ, ಇದೇ!" ಎಂದು ಕೂಗಿದರು.

ಡಬ್ಬಿಯ ಮೇಲೆ ನಾನು "ಉಭಯ ಧ್ವನಿ" ಎಂದು ಅಚ್ಚು ಹಾಕಿಸಿದ್ದೇನೆ. ಯಾರೂ ಹಾಗೆ ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ಅದು "ಅತ್ತೆ ಗುಂಡಿ". ಮೀಸೆಯವರು ಈಗ ನಾನು ಹೋದರೆ ಎದ್ದು ಕುರ್ಚಿ ಒರೆಸಿ ಕೊಡುತ್ತಾರೆ. ಬ್ಯಾಂಕಿನವಳು ಖಾಲಿ ಜಾರು ಇಟ್ಟು ಅತ್ತೆ ಗುಂಡಿ ಒತ್ತಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾದಂಬರಿ ಓದುತ್ತಾಳಂತೆ. ಮೊನ್ನೆ ಅವಳ ಅತ್ತೆಯೇ ಬಂದಿದ್ದರು. ನಾನು ಹೆದರಿ ಹಿಂದೆ ಸರಿದೆ. ಅವರು ಸುತ್ತ ನೋಡಿ, "ನನ್ನ ಮಗಳ ಮನೆಗೊಂದು ಬೇಕು. ಅವಳತ್ತೆ ಭಾರಿ ಜೋರು" ಎಂದರು.

ಹಿಂಬದಿಯ ಖಾಲಿ ಗೋದಾಮನ್ನೂ ತೆಗೆದುಕೊಂಡಿದ್ದೇವೆ. ನಮ್ಮ ಜೊತೆ ಇಲ್ಲೇ ನೆಲೆನಿಂತ ನನ್ನ ಗಂಡನಿಗೆ ಇನ್ನೂ ಮಂಚದ ಕೆಳಗಿನ ಮಿಕ್ಸಿಗಳ ಮೇಲೆ ಕೋಪ, ಹೊರಟು ನಿಂತಾಗ ಚಪ್ಪಲಿ ಸಿಗುವುದಿಲ್ಲವಂತೆ. ಅಪ್ಪ ಹೊಸ ಕೆಲಸದವರಿಗೆ ಸದ್ದಿನ ಪಾಠ ಹೇಳುತ್ತಿದ್ದಾರೆ. ನೀನು ರಜೆಗೆ ಬಂದೇ ಬರಬೇಕು. ಭಾವನಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳಿಬ್ಬರೂ ನಿನ್ನ ಬುದ್ಧಿ, ನನ್ನ ಹಟ, ಯಾರದಾದರೂ ಬೇರೆಯವರ ಗಂಟಲು ಪಡೆದು ಸುಖವಾಗಿ ಬೆಳೆಯಲಿ. ನಿನ್ನ ಹರಕೆ ನನ್ನ ಮೇಲಿರಲಿ.

ನಿನ್ನ
ಸ್ಕ್ರೂ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಪೆನ್ನು ಮುಚ್ಚಿದವಳು ಮತ್ತೆ ತೆಗೆದೆ.

ಹೋದ ವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಅಪ್ಪ ಮುಂದಿನ ಕೋಣೆಯಲ್ಲಿ ಮಿಕ್ಸಿಯನ್ನು ಸದ್ದಿಲ್ಲದೆ ಓಡಿಸುತ್ತ, "ಬಚ್ಚಲಮನೆಗೆ ಹೋಗಿ ನನ್ನ ಒಂದ್ಸಲ ಕರಿ" ಎಂದರು. ಏನೋ ಪರೀಕ್ಷೆ ಅಂದುಕೊಂಡು ಹೋಗಿ ಕರೆದೆ. "ಕೇಳಿಸ್ತು. ಇನ್ನೂ ಮೆತ್ತಗೆ." ಕರೆದೆ. "ಕೇಳಿಸ್ತು. ಇನ್ನೂ." ಬರಿಯ ಉಸಿರಿನಲ್ಲಿ ಕರೆದೆ. ಉತ್ತರ ಬರಲಿಲ್ಲವೆಂದು ಹೊರಗೆ ಬಂದರೆ, ಮಿಕ್ಸಿ ನಿಲ್ಲಿಸಿ ಅದರ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು.

ಅಮ್ಮ ಬಚ್ಚಲಲ್ಲಿ ಬಿದ್ದ ಕೂಡಲೇ ಹೋಗಿಬಿಟ್ಟಳು, ಕೂಗಲೂ ಇಲ್ಲ ಎಂದು ಅಪ್ಪ ನಮಗೆ ಹೇಳಿದ್ದರಲ್ಲ, ಹಾಗಲ್ಲವಂತೆ ಅಕ್ಕಾ. "ಯಾರದೋ ಮಿಕ್ಸಿ ಓಡಿಸ್ತಾ ಇದ್ದೆ. ನಿಲ್ಲಿಸಿದಾಗ 'ರೀ' ಅಂದಿದ್ದು ಕೇಳಿಸ್ತು. ಧ್ವನಿ ಆಗ್ಲೇ ಸೋತುಹೋಗಿತ್ತು. ಎಷ್ಟು ಹೊತ್ತಿಂದ ಕರೀತಿದ್ಳೋ" ಎಂದರು. ಆಮೇಲೆ ನನ್ನ ಮುಖ ನೋಡಿ, "ಇಂಥ ಸದ್ದಿಲ್ಲದ ಮಿಕ್ಸೀನ ಆಗ್ಲೂ ಮಾಡಬಹುದಿತ್ತಾ? ನಿಜ ಹೇಳು" ಎಂದರು.

"ಇಲ್ಲಪ್ಪ, ಸದ್ದು ಹೀರೋಕೆ ಮೋಟರಿನ ಅಡಿ ಹಾಕಿರೋ ರಬ್ಬರು ಈಚೆಗೆ ಬಂದದ್ದು. ಆಗ ಎಲ್ಲೂ ಇರಲಿಲ್ಲ" ಅಂದೆ.

ನಂಬಿದರು ಅನಿಸುತ್ತದೆ. ಅವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದರು. ನೀನು ಬಂದಾಗ ನಿನ್ನನ್ನೂ ಕೇಳುತ್ತಾರೆ. ರಬ್ಬರು ಹೊಸದು ಎಂದೇ ಹೇಳು. ಅದು ನಾವು ಹುಟ್ಟುವ ಮೊದಲಿನಿಂದಲೂ ಇದೆ ಅನ್ನುವುದು ನಮ್ಮಿಬ್ಬರಲ್ಲೇ ಇರಲಿ.