ಕವನಳ ಬೂದು ಅಂಗಿಗಳು

ಮಂಗಳವಾರ, ಜೂನ್ 17

ಕವನ ಪರ್ಮನೆಂಟ್ ಆದಳು. ನಂಜನಗೂಡಿನ ಫ್ಯಾಕ್ಟರಿಗೆ ನಾವಿಬ್ಬರೂ ಒಂದೇ ದಿನ ಗುತ್ತಿಗೆಯ ಮೇಲೆ ಸೇರಿದವರು, ಅಕ್ಕಪಕ್ಕ ನಿಂತು ಪ್ಯಾಕಿಂಗ್ ಮಾಡುವವರು. ಇವತ್ತು ಅವಳು ಪರ್ಮನೆಂಟ್‌ನವರ ನೀಲಿ ಅಂಗಿಯಲ್ಲಿ ಬಂದಳು. ಎಲ್ಲರಿಗಿಂತ ಮೊದಲು ಕಂಗ್ರಾಟ್ಸ್ ಹೇಳಿದವಳು ನಾನೇ. ಅವಳು ಹಂಚಿದ ಮೈಸೂರುಪಾಕನ್ನು ಮಾತ್ರ ಮಕ್ಕಳಿಗೆಂದು ಕಾಗದದಲ್ಲಿ ಸುತ್ತಿಟ್ಟೆ. ಅವಳಲ್ಲಿ ಇರುವಂಥದ್ದು ಏನು ನನ್ನಲ್ಲಿಲ್ಲ?

ಸಂಜೆ ಗೇಟಿನ ಹತ್ತಿರ ಒಂದು ಕವರು ಕೊಟ್ಟಳು. ಒಳಗೆ ಗುತ್ತಿಗೆಯವರು ತೊಡುವ ಅವಳ ಹಳೆಯ ಬೂದು ಅಂಗಿಗಳು, ಒಗೆದು ಇಸ್ತ್ರಿ ಮಾಡಿದ್ದವು.

"ನಂಗಿನ್ಯಾಕೆ ಇವು? ನೀನೇ ಮಡೀಕೊಳ್ಳೆ, ನಿಂಗ್ ಬೇಕಾಯ್ತವೆ."

ಒಳ್ಳೆಯ ಮನಸ್ಸಿನಿಂದಲೇ ಅಂದಳು, ಹಾಳಾದವಳು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಕ್ಕಳು ಮಲಗಿದ ಮೇಲೆ ಒಂದನ್ನು ತೊಟ್ಟು ನೋಡಿದೆ. ಅಳತೆ ಸರಿಯಾಗಿದೆ. ಬಟ್ಟೆಯೂ ಗಟ್ಟಿ. ಇನ್ನೂ ಐದಾರು ವರ್ಷ ಬಾಳಿಕೆ ಬರುತ್ತದೆ.